ಕುರಿ ಬಿಟ್ಟು ಕಡಲಿಗೆ ಹೋದ ಚಿಗವ್ವ

ದ್ವೀಪವೆಂದರೆ ತೆಪ್ಪದಂತೆ ನೀರಿನ ಮೇಲೆ ತೇಲುವ ನೆಲ ಎಂದು ಬಹಳ ವರ್ಷ ನಂಬಿದ್ದೆ. ಕಾರವಾರದಾಚೆ ದೋಣಿ ಹತ್ತುವಾಗ, “ಗಾಳಿ ಜೋರಾದರ ದ್ವೀಪಾನ ಎಲ್ಲಿ ಕಟ್ತೀರಿ?” ಎಂದು ದೋಣಿಯವನನ್ನು ಕೇಳಿಯೂ ಬಿಟ್ಟೆ. ಅವನು ನಗಲಿಲ್ಲ, ಪಾಪ. ವಿಜಯಪುರದಲ್ಲಿ ನೀರಾವರಿ ಪೈಪು ಮಾರುವವನಿಗೆ ನೀರಿನ ಬಗ್ಗೆ ಇದ್ದ ತಿಳಿವಳಿಕೆ ಅಷ್ಟು.

ಪೈಪು ಚೆನ್ನಾಗಿ ಮಾರಿದ್ದಕ್ಕೆ ಕಂಪನಿಯವರು ಕೊಟ್ಟ ಪ್ರವಾಸ ಅದು, ಇಬ್ಬರಿಗೆ. ಮದುವೆಯಾಗದ ನನಗೆ ಎರಡನೆಯ ಟಿಕೀಟು ಹಂಗಿಸುವಂತಿತ್ತು. ಘೋಣಸಗಿಯ ಮಹಾನಂದಾ ಚಿಗವ್ವನನ್ನು ಕರೆದೆ. ಅವಳು ಹುಟ್ಟಿದಾಗಿನಿಂದ ಕುರಿಗಳ ಹಿಂದೆ ನಡೆದವಳು. ತಿಕೋಟಾ, ಬಬಲೇಶ್ವರದ ಸಂತೆ ಬಿಟ್ಟರೆ ಎಲ್ಲಿಗೂ ಹೋದವಳಲ್ಲ.

“ಕೆಂದಿ ಮರಿ ಹಾಕೇತಿ ಯಪ್ಪಾ. ನಾ ಹೆಂಗ ಬರ್ಲಿ?”

ಕೆಂದಿ ಚೊಚ್ಚಲ ಮರಿ ಹಾಕಿದ ಕುರಿ. ಹತ್ತಿರ ಬಂದ ತನ್ನ ಮರಿಯನ್ನೇ ಗುದ್ದುತ್ತಿತ್ತು. ಚಿಗವ್ವ ಪಕ್ಕದಲ್ಲಿ ನಿಂತು “ಹುರ್ರ್, ನಿಂದ್ರ ಬೇ” ಎಂದರೆ ಮಾತ್ರ ಮೊಲೆ ಕೊಡುತ್ತಿತ್ತು.

“ಹೋಗಿ ಬಾ ಯಕ್ಕಾ, ಫೋನಿನ್ಯಾಗ ಒದರಿದ್ರಾತು!” ಎಂದು ನೆಗೆಣ್ಣಿ ಪರಸವ್ವ ಚೇಷ್ಟೆ ಮಾಡಿದಳು. ಚಿಗವ್ವ ಅದನ್ನೇ ನಿಜವೆಂದು ಹಿಡಿದಳು.

ಮುಂಜಾನೆ, ಸಂಜೆ ದ್ವೀಪದ ಕೋಣೆಯಿಂದ ಚಿಗವ್ವ ಫೋನಿನಲ್ಲಿ “ಹುರ್ರ್” ಎನ್ನುವಳು. ಅಲ್ಲಿ ಪರಸವ್ವ ಫೋನನ್ನು ಕುರಿಯ ಕಿವಿಗೆ ಹಿಡಿಯುವಳು. ಕೆಂದಿ ನಿಲ್ಲುತ್ತಿತ್ತು! ಪಕ್ಕದ ಕೋಣೆಯವರು ಮಾತ್ರ ನಮ್ಮನ್ನು ಕಂಡರೆ ದೂರ ಸರಿಯುತ್ತಿದ್ದರು.

ಕಡಲ ಹದ್ದು ತೋರಿಸಲು ಕರೆದೊಯ್ದವನು ಸದ್ದು ಮಾಡಬೇಡಿ ಎಂದು ಪಿಸುಗುಟ್ಟಿದ. ಹದ್ದು ಕೆಳಗೆರಗಿದ್ದೇ ತಡ, ಚಿಗವ್ವ ಸೆರಗು ಬೀಸಿ “ಹೋ! ಹೋ!” ಎಂದು ಕೂಗಿ ಓಡಿಸಿದಳು, ಹಟ್ಟಿಯಲ್ಲಿ ಮರಿ ಕಾಯುವಂತೆಯೇ. ಕ್ಯಾಮೆರಾದವರೆಲ್ಲ ನನ್ನನ್ನು ನೋಡಿದರು. ಊಟದಲ್ಲೂ ಅವಳು ಅರ್ಧಕ್ಕೇ ಕೈ ತೊಳೆದಳು. “ಮರಿ ಅಲ್ಲಿ ಹಸದೈತೇನೊ, ನಾ ಇಲ್ಲಿ ಉಣ್ಣಾಕತ್ತೇನಿ.”

ಕೊನೆಯ ದಿನ ಮುಂಜಾನೆ ದಂಡೆಗುಂಟ ನಡೆದೆವು. ಬಂಡೆಯ ಮೇಲೆ ನೀರುನಾಯಿಗಳು ಮರಿಗಳ ಜೊತೆ ಉರುಳಾಡುತ್ತಿದ್ದವು. ಚಿಗವ್ವ ತೆರೆಯಲ್ಲಿ ಕಾಲಿಟ್ಟು ಕುಳಿತಳು. ಸುಮ್ಮನೆ ನಕ್ಕಳು. ಕೆಂದಿಗೆ “ಹುರ್ರ್” ಎನ್ನುವ ಹೊತ್ತಾಗಿತ್ತು, ಫೋನು ಕೋಣೆಯಲ್ಲಿತ್ತು. ನೆನಪಿಸಲು ಬಾಯಿ ತೆರೆದೆ. ಅವಳ ಮುಖ ನೋಡಿ ಮುಚ್ಚಿದೆ.

ಬಿಸಿಲೇರಿದ ಮೇಲೆ ಹೋಗಿ ನೋಡಿದರೆ ಪರಸವ್ವನ ಕರೆಗಳು ಸಾಲುಗಟ್ಟಿದ್ದವು. ಚಿಗವ್ವ ತಿರುಗಿ ಫೋನು ಹಚ್ಚಿದಾಗ, “ಮರಿ ಹೋತು ಯಕ್ಕಾ” ಎಂದಳು. ಕೆಂದಿ ಗುದ್ದಿದ ಏಟಿಗೆ ಬಿದ್ದದ್ದು ಮತ್ತೆ ಏಳಲಿಲ್ಲವಂತೆ. ಅಂದೇ ಬಸ್ಸು ಹತ್ತಿ ಊರಿಗೆ ಮರಳಿದೆವು.

ಮನೆಯ ಮುಂದೆ ಓಣಿಯವರೆಲ್ಲ ಸೇರಿದ್ದರು. ಅವರ ಎದುರಿಗೇ ಪರಸವ್ವ ಕೇಳಿದಳು: “ಎಷ್ಟ ಸಲ ಹಚ್ಚೀನಿ! ಯಾಕ ಎತ್ತಲಿಲ್ಲ ಯಕ್ಕಾ?”

“ಅಲ್ಲಿ ರೇಂಜ್ ಇರಲಿಲ್ರಿ ಕಾಕಿ,” ಎಂದು ನಾನು ನಡುವೆ ಬಾಯಿ ಹಾಕಿದೆ.

“ಮೊದಲ ಹೆಂಗ ಸಿಗತಿತ್ತೋ ತಮ್ಮಾ?”

ಚಿಗವ್ವ ನನ್ನನ್ನು ಪಕ್ಕಕ್ಕೆ ಸರಿಸಿದಳು.

“ರೇಂಜ್ ಇತ್ತ. ನಾನ ಮರತಿದ್ದೆ. ಅಲ್ಲಿ ಛಲೋ ಅನಿಸಿತ್ತು, ಅದಕ್ಕ.”