ಅವ್ವನ ತಮ್ಮ

ನನ್ನ ಗಂಡ ನನಗೆ ಸೋದರಮಾವ, ಅವ್ವನ ಸ್ವಂತ ತಮ್ಮ. ವಿಜಯಪುರದ ಕಡೆ ಅದೇನು ದೊಡ್ಡ ಸಂಗತಿಯಲ್ಲ. ಮದುವೆಯ ನಂತರವೂ ಅವ್ವನಿಗೆ ಅವರು ಅಳಿಯ ಅನ್ನಿಸಲೇ ಇಲ್ಲ. ಮಹಾನಗರಕ್ಕೆ, ಜೋಗೇಶ್ವರಿಯ ನಮ್ಮ ಮನೆಗೆ ಬಂದಾಗಲೆಲ್ಲ ಬಾಗಿಲಿನಿಂದಲೇ "ತಮ್ಮಾ, ಉಂಡಿ ಏನೋ?" ಎಂದು ಕೇಳುತ್ತಿದ್ದಳು.

ಕಾಲೇಜಿಗೆ ಹೋಗುತ್ತಿದ್ದ ನಮ್ಮ ಒಬ್ಬಳೇ ಮಗಳಿಗೆ ರಕ್ತದ ಕ್ಯಾನ್ಸರ್ ಬಂತು. ಪರೇಲ್‌ನ ಆಸ್ಪತ್ರೆಯ ಡಾಕ್ಟರು ಜೀನ್‌ನಲ್ಲಿ ದೋಷವಿದೆ ಎಂದದ್ದೇ ತಡ, ಅವ್ವ ನನ್ನ ಕಡೆ ತಿರುಗಿದಳು. "ನಾನಽ ನಿನ್ನ ನನ್ನ ತಮ್ಮಗ ಕೊಟ್ಟೆ. ಒಂದಽ ರಕ್ತ ಆತು. ಕೂಸಿಗೆ ಬಡೀತು."

ಡಾಕ್ಟರು ಹಿಂದಿಯಲ್ಲಿ ಬಿಡಿಸಿ ಹೇಳಿದರು. ಇದು ಅಪ್ಪ ಅಮ್ಮನಿಂದ ಬಂದದ್ದಲ್ಲ. ಅವಳ ಮೂಳೆಯೊಳಗಿನ ಮಜ್ಜೆಯಲ್ಲಿ ಯಾವಾಗಲೋ ಒಂದು ಜೀವಕೋಶದ ಜೀನ್ ಕೆಟ್ಟಿತು, ಆ ಕೋಶ ತನ್ನಂಥವನ್ನೇ ಹುಟ್ಟಿಸುತ್ತ ಹೋಯಿತು. ಯಾವ ಜೀನ್ ಎಂದು ಗೊತ್ತಾಗಿರುವುದರಿಂದ ಅದಕ್ಕೇ ನಾಟುವ ಮಾತ್ರೆ ಕೊಡಬಹುದು. ಅಷ್ಟನ್ನೂ ನಾನು ಅವ್ವನಿಗೆ ಕನ್ನಡದಲ್ಲಿ ಹೇಳಿದೆ. ಮಗಳು ತನ್ನ ಹರಕುಮುರುಕು ಕನ್ನಡದಲ್ಲಿ, "ಅಜ್ಜಿ, ನಿಂದು ಗಲ್ತಿ ಇಲ್ಲ" ಅಂದಳು. ಅವ್ವ ತಲೆಯಾಡಿಸಿದಳು, ನಂಬಲಿಲ್ಲ. ಡಾಕ್ಟರೇ ಇಲ್ಲವೆಂದ ತಪ್ಪನ್ನು ಇವಳೇಕೆ ಅಪ್ಪಿಕೊಂಡು ಕೂತಿದ್ದಾಳೆ ಎಂದು ನನಗೆ ರೇಗಿತು.

ಮಾತ್ರೆ ಕೆಲವು ತಿಂಗಳು ಕೆಲಸ ಮಾಡಿತು. ಆಮೇಲೆ ಆ ಜೀನ್ ಇನ್ನೊಂದು ಬಗೆಯಲ್ಲಿ ಬದಲಾಯಿತು, ಮಾತ್ರೆಗೆ ಬಗ್ಗಲಿಲ್ಲ. ಮಗಳು ಹೋದಳು.

ಕರ್ಮಾಂತರ ಮುಗಿದ ಮೇಲೆ ಒಂದು ದಿನ ಅವ್ವ ಬಂದಳು. ಬಾಗಿಲಲ್ಲೇ ನಿಂತು, ತಲೆಯ ಮೇಲೆ ಸೆರಗೆಳೆದುಕೊಂಡು, ತಾನೇ ಎತ್ತಿ ಆಡಿಸಿದ ತಮ್ಮನನ್ನು ಕೇಳಿದಳು: "ಊಟ ಆತೇನ್ರಿ, ಅಳಿಯಂದ್ರ?"