ಅತ್ತೆ ಕಿವಿಗೊಟ್ಟು ಆರಿಸಿದ ಪಂಪು

ಇದು ೨೦೦೬ರ ಚಳಿಗಾಲದ ಮಾತು. ಸಾದಲಿ ಹತ್ತಿರದ ಹಳ್ಳಿಗೆ ನಾನು ಸೊಸೆಯಾಗಿ ಬಂದ ಹೊಸತು. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದೆವು. ಅದರಲ್ಲಿ ಅತ್ತೆಯದೇ ಕೊನೆಯ ಮಾತು. ಸಂಜೆ ಹುಳುವಿನ ತಟ್ಟೆಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕಿದ ಮೇಲೆ ದೀಪ ಆರಿಸಿ ಸುಮ್ಮನೆ ನಿಲ್ಲುತ್ತಿದ್ದರು. ಬೆಳೆದ ಹುಳುಗಳು ಮೇಯುವಾಗ ಸೋನೆಮಳೆ ಹಿಡಿದಂತೆ ಸದ್ದು ಬರುತ್ತದೆ. ಅದನ್ನು ಕೇಳಿಯೇ ಬೆಳೆ ಹೇಗಿದೆ ಎಂದು ಹೇಳಿಬಿಡುತ್ತಿದ್ದರು.

ಚಳಿಗೆಂದು ಹುಳು ಮನೆಯಲ್ಲಿ ಇದ್ದಿಲ ಒಲೆ ಇಡುತ್ತಿದ್ದೆವು. ಆ ಹೊಗೆಗೆ ಅತ್ತೆಗೆ ಉಬ್ಬಸ ಹತ್ತಿಕೊಂಡಿತು. ಡಾಕ್ಟರು ಒಳಗೆ ಕಾಲಿಡಲೇಬೇಡಿ ಎಂದುಬಿಟ್ಟರು. ಪಾಪ, ಬಾಗಿಲ ಹೊರಗೆ ಶಾಲು ಹೊದ್ದು ಕೂತು, "ಮೇಯ್ತಾವೇನೇ?" ಎಂದು ಕೇಳಿದ್ದನ್ನೇ ಕೇಳುತ್ತಿದ್ದರು. "ಮೇಯ್ತಾವೆ ಅತ್ತೆ" ಎಂದರೆ ನಂಬಿಕೆಯಿಲ್ಲ. ನನ್ನ ಕಿವಿಯ ಮೇಲೆ ಅವರಿಗೆ ಅಷ್ಟು ಗೌರವ.

ಅವರ ಸಂಕಟ ನೋಡಲಾರದೆ ನಮ್ಮ ಯಜಮಾನರು ಹೊರಗೆ ಹಂಡೆ ಕೂರಿಸಿ, ಬಿಸಿನೀರು ಗೋಡೆ ಸುತ್ತ ಪೈಪಿನಲ್ಲಿ ಹರಿದು ಮತ್ತೆ ಹಂಡೆಗೇ ಬರುವಂತೆ ಮಾಡಿದರು. ನೀರು ತಿರುಗಿಸಲು ಪಂಪು ಬೇಕಲ್ಲ. ನಮ್ಮ ಕಡೆ ಪಂಪು ಎಂದರೆ ಪಾತಾಳದಿಂದ ನೀರೆತ್ತುವುದು ಎಂದೇ ಲೆಕ್ಕ, ದೊಡ್ಡದನ್ನೇ ತಂದರು. ಹೊಗೆ ಹೋಯಿತು, ಕೋಣೆ ಬೆಚ್ಚಗಾಯಿತು. ಅತ್ತೆ ಸಂಭ್ರಮದಿಂದ ಒಳಗೆ ಬಂದರು. ಸ್ವಲ್ಪ ಹೊತ್ತು ನಿಂತು, "ಏನೂ ಕೇಳಿಸ್ತಿಲ್ಲ ಕಣೇ. ಹಿಟ್ಟಿನ ಮಿಷನ್‌ಗೆ ಬಂದಂಗಿದೆ" ಎಂದು ಮತ್ತೆ ಬಾಗಿಲಾಚೆ ಹೋಗಿ ಕೂತರು. ನನಗೆ ಅಳುವೇ ಬಂತು.

ಮಾರನೆಯ ದಿನ ಆ ಪಂಪನ್ನು ಹೊತ್ತುಕೊಂಡು ಮೂವರೂ ಚಿಂತಾಮಣಿಯ ಅಂಗಡಿಗೆ ವಾಪಸ್ ಹೋದೆವು.

"ಸದ್ದು ಮಾಡದೇ ಇರೋದು ಕೊಡಪ್ಪ. ಹುಳ ಮೇಯೋದು ಕೇಳಿಸ್ಬೇಕು" ಎಂದರು ಅತ್ತೆ.

ಅಲ್ಲಿದ್ದ ಗಿರಾಕಿಗಳು ನಕ್ಕರು. ನನಗೆ ನೆಲ ಬಿರಿಯಬಾರದೇ ಎನಿಸಿತು. ಅಂಗಡಿಯ ಸಾಬರು ಮಾತ್ರ ನಗಲಿಲ್ಲ. ಪೈಪು ಎಷ್ಟುದ್ದ, ಎಷ್ಟು ಕಡೆ ತಿರುಗುತ್ತದೆ ಎಂದೆಲ್ಲ ವಿಚಾರಿಸಿ, ಬಿಸಿನೀರಿನ ಕಾವು ತಡೆಯುವ ಒಂದು ಪುಟ್ಟ ಪಂಪು ತೆಗೆದರು.

"ಇಷ್ಟು ಚಿಕ್ಕದು ನೀರು ಎತ್ತುತ್ತಾ ಸಾಬ್ರೇ?" ಎಂದರು ಯಜಮಾನರು.

"ಎತ್ತೋದೇನಿದೆ? ಪೈಪ್ ತುಂಬ ನೀರಿರುತ್ತೆ. ಆ ಕಡೆ ಇಳಿಯೋ ನೀರೇ ಈ ಕಡೆ ನೀರನ್ನ ಹತ್ತಿಸುತ್ತೆ. ಇದು ಸುಮ್ನೆ ತಳ್ತಾ ಇದ್ರೆ ಸಾಕು."

ಬಕೆಟ್ ನೀರಿಗೆ ಪೈಪು ಜೋಡಿಸಿ ಓಡಿಸಿದರು. ಅತ್ತೆ ಬಗ್ಗಿ ಕಿವಿಗೊಟ್ಟರು. ಸಾಬರು ಎದ್ದು ರೇಡಿಯೊ ನಿಲ್ಲಿಸಿದರು. ಬಸ್ಸುಗಳ ಗಲಾಟೆ ಬರುತ್ತಿತ್ತೆಂದು ಅಂಗಡಿಯ ಶಟರನ್ನೂ ಅರ್ಧ ಎಳೆದರು. ನಗುತ್ತಿದ್ದವರೂ ಹತ್ತಿರ ಬಂದು ನಿಂತರು.

"ಇದೇ ಇರ್ಲಿ" ಎಂದರು ಅತ್ತೆ. ಮೊದಲಿನ ದೊಡ್ಡದನ್ನು ಸಾಬರು ತಕರಾರಿಲ್ಲದೆ ವಾಪಸ್ ಇಟ್ಟುಕೊಂಡರು.

ಸಂಜೆ ಪಂಪು ಕೂರಿಸಿ ಸೊಪ್ಪು ಹಾಕಿದೆವು. ಅತ್ತೆ ಒಳಗೆ ಬಂದು ಕಣ್ಣು ಮುಚ್ಚಿ ನಿಂತರು. ಆಮೇಲೆ ನನ್ನ ಕೈ ಹಿಡಿದು ಪಕ್ಕಕ್ಕೆಳೆದುಕೊಂಡು, "ಆ ಕಡೆ ತಟ್ಟೆ ಕೇಳು. ಹಸಿದಿದ್ವು, ಪಾಪ" ಎಂದರು. ಅಂದಿನಿಂದ ದಿನವೂ ಇಬ್ಬರೂ ಹಾಗೇ ನಿಲ್ಲುತ್ತಿದ್ದೆವು.

ಆಮೇಲೆ ಯಜಮಾನರಿಗೆ ಕುಡುಮಲಕುಂಟೆಯ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿ ನಾವು ಗೌರಿಬಿದನೂರಿಗೆ ಬಂದೆವು. ಅತ್ತೆ ನನ್ನ ಮೈದುನನ ಸಂಸಾರದ ಜೊತೆ ಹಳ್ಳಿಯಲ್ಲೇ ಉಳಿದರು. ಹುಳು ಬಿಟ್ಟು ಬರುವವರಲ್ಲ. ಇಲ್ಲಿ ಯಾವುದಕ್ಕೂ ಕೊರತೆಯಿಲ್ಲ. ಆದರೂ ಸಂಜೆಯಾದರೆ ಆ ಬೆಚ್ಚನೆಯ ಕತ್ತಲೆ, ಅವರ ಪಕ್ಕದ ಜಾಗ ಬೇಕೆನಿಸುತ್ತದೆ.

ಒಮ್ಮೆ ಫೋನಿನಲ್ಲಿ ಹಾಗೆಂದು ಹೇಳಿಕೊಂಡೆ. "ತಾಳಮ್ಮ" ಎಂದು ಅತ್ತೆ ಫೋನನ್ನು ಹುಳುವಿನ ತಟ್ಟೆಯ ಮೇಲೆ ಹಿಡಿದರು. ನನಗೆ ಕೇಳಿಸಿದ್ದು ಫೋನಿನ ಬರೀ ಗೊರಗೊರ.

"ಕೇಳಿಸ್ತಾ?"

"ಕೇಳಿಸ್ತು ಅತ್ತೆ. ಚೆನ್ನಾಗಿ ಮೇಯ್ತಾವೆ."

ಈಗಲೂ ಹುಳು ದೊಡ್ಡದಾದಾಗಲೆಲ್ಲ ಫೋನು ಮಾಡಿ ಕೇಳಿಸುತ್ತಾರೆ. ಅವರು ಸಾಕೆನ್ನುವವರೆಗೂ ನಾನು ಕಿವಿಯಿಂದ ಫೋನು ತೆಗೆಯುವುದಿಲ್ಲ.