ಫಲಕದ ಮೇಲಿನ ಐನೂರು

ಟೊಲೀಡೊ ನಗರದ ಪಕ್ಕದ ನಮ್ಮ ಪುಟ್ಟ ಊರಿನ ಚರಿತ್ರೆ ಬರೆದವಳು ಮೇಯರ್ ಕಚೇರಿಯ ಗುಮಾಸ್ತೆ ಅರ್ಲೀನ್ ಸ್ಟಕಿ. ಯಾರ ಮುತ್ತಜ್ಜ ಜೌಗು ಬತ್ತಿಸಿ ಮುಸುಕಿನ ಜೋಳ ಬಿತ್ತಿದನೆಂದು ಮೂವತ್ತು ವರ್ಷ ಹುಡುಕಿ ಬರೆದಳು. ಅಚ್ಚಾದ ಪುಸ್ತಕದಲ್ಲಿ ಅವಳ ಹೆಸರೇ ಇರಲಿಲ್ಲ. ಮೇಯರ್ ಡ್ವೇನ್‌ನ ಫೋಟೊ ಇತ್ತು.

ಏಪ್ರಿಲ್ ಒಂದರ ಜನಗಣತಿಗೆ ಸರಿಯಾಗಿ ಐನೂರು ಜನ ಸಿಗುತ್ತಾರೆಂದು ಡ್ವೇನ್ ಊರಬಾಗಿಲ ಫಲಕದಲ್ಲಿ ಆ ಜನಸಂಖ್ಯೆಯನ್ನು ಆಗಲೇ ಬರೆಸಿಬಿಟ್ಟಿದ್ದ. ಅರ್ಲೀನ್ ಮಾರ್ಚ್ ಇಪ್ಪತ್ತೊಂಬತ್ತಕ್ಕೆ ಸತ್ತಳು.

ಮಣ್ಣು ಮಾಡಿ ಬಂದು ಚರ್ಚಿನ ನೆಲಮಾಳಿಗೆಯಲ್ಲಿ ಊಟಕ್ಕೆ ಕೂತಾಗ ಡ್ವೇನ್ ಗೊಣಗಿದ: "ಇನ್ನು ಮೂರು ದಿನ ತಡ್ಕೊಳ್ಳೋಕಾಗ್ಲಿಲ್ವಾ ಈ ಮುದುಕಿಗೆ?"

"ಮೂವತ್ತು ವರ್ಷ ನಿನ್ನನ್ನ ತಡ್ಕೊಂಡ್ಳಲ್ಲೋ, ಸಾಲ್ದಾ?" ಎಂದೆ.

ಮರುದಿನ ಫಲಕದಲ್ಲಿ ಐನೂರು ಅಳಿಸಿ 499 ಎಂದು ಬರೆಸಿದ. ಅವಳ ಬಗ್ಗೆ ಊರು ಬರೆಸಿದ್ದು ಅದೊಂದೇ.